ಇಂಗ್ಲಿಷಿನಲ್ಲಿ ದುಡುಕಿಗೆ ಎಷ್ಟು ಹೆಸರು!

'ಪ್ರಿಸಿಪಿಟೇಟ್' ಎಂದೊಡನೆ ಪ್ರೌಢಶಾಲೆಯ ವಿದ್ಯಾರ್ಥಿಗೆ ನೆನಪಾಗುವುದು ಪ್ರನಾಳ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಉಪ್ಪಿನ ದ್ರಾವಣ ಸೇರಿಸಿದ ಕೂಡಲೇ ಮೊಸರಿನಂಥ ಬಿಳಿಯ ವಸ್ತು ಕಾಣಿಸಿಕೊಂಡು ತಳ ಸೇರುತ್ತದೆ. ಅದು ಪ್ರಕ್ಷೇಪ, ಇಂಗ್ಲಿಷಿನಲ್ಲಿ ಪ್ರಿಸಿಪಿಟೇಟ್. ಇದೇ ವಿದ್ಯಾರ್ಥಿ ಇಂಗ್ಲಿಷ್ ಗದ್ಯಭಾಗದಲ್ಲಿ 'ಎ ಪ್ರಿಸಿಪಿಟೇಟ್ ಡಿಸಿಷನ್' ಎಂಬುದನ್ನು ಕಂಡು, ನಿರ್ಧಾರ ತಳ ಸೇರಿ ಗಟ್ಟಿಯಾಯಿತು ಎಂದು ಬರೆದರೆ ಅರ್ಥ ತಲೆಕೆಳಗಾಯಿತು. ಅಲ್ಲಿ ಹೇಳಿರುವುದು ಹಿಂದುಮುಂದು ನೋಡದೆ ಕೈಗೊಂಡ ನಿರ್ಧಾರ.

ತಲೆಕೆಳಗು ಎಂಬ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಲ್ಯಾಟಿನ್ನಿನ ಮೂಲದಲ್ಲಿ 'ಪ್ರೇ' ಎಂದರೆ ಮುಂದೆ, 'ಕಾಪುಟ್' ಎಂದರೆ ತಲೆ. ತಲೆ ಮುಂದಾಗಿ ಬೀಳುವುದೇ ಈ ಪದದ ಹುಟ್ಟು. ಪ್ರಪಾತಕ್ಕೆ 'ಪ್ರೆಸಿಪಿಸ್' ಎನ್ನುವುದೂ, ಮಳೆ ಹಿಮ ಬೀಳುವುದಕ್ಕೆ 'ಪ್ರಿಸಿಪಿಟೇಷನ್' ಎನ್ನುವುದೂ ಇದರಿಂದಲೇ. ದುಡುಕಿನ ಅರ್ಥದಲ್ಲಿ ವಿಶೇಷಣವಾಗಿ ಬಂದಾಗ ಕೊನೆಯಲ್ಲಿ 'ಟೇಟ್' ಎಂದು ಎಳೆಯದೆ 'ಟಟ್' ಎಂದು ಮೊಟಕಾಗಿ ಹೇಳುವುದು ವಾಡಿಕೆ.

ಬೇಗ ಮಾಡಿದ್ದೆಲ್ಲ ದುಡುಕಲ್ಲ. 'ಕ್ವಿಕ್ ರಿಪ್ಲೈ' ಎಂದರೆ ಮೆಚ್ಚುಗೆ, 'ಹೇಸ್ಟಿ ರಿಪ್ಲೈ' ಎಂದರೆ ಆಕ್ಷೇಪಣೆ. ಅಪಾಯವನ್ನು ಲೆಕ್ಕಿಸದ ದುಡುಕು 'ರ‍್ಯಾಶ್'. ರಸ್ತೆಯ ಮೇಲೆ ಅಡ್ಡಾದಿಡ್ಡಿ ವಾಹನ ಓಡಿಸುವವರ ಕೃಪೆಯಿಂದ ಈ ಪದ ಎಲ್ಲರಿಗೂ ಗೊತ್ತು! ಹಳೆಯ ಭಾರತೀಯ ದಂಡ ಸಂಹಿತೆಯ 279ನೆಯ ಕಲಮಿನಲ್ಲಿದ್ದ ಇದು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಲ್ಲೂ ಉಳಿದಿದೆ. ಕ್ಷಣದ ಮನಸ್ಸಿನ ತಳ್ಳಾಟಕ್ಕೆ ಸಿಕ್ಕಿ ಮಾಡಿದ್ದು 'ಇಂಪಲ್ಸಿವ್'. ಅದರಿಂದ ಕೇಡೇ ಆಗಬೇಕೆಂದಿಲ್ಲ.

ಇನ್ನು 'ನೀ-ಜರ್ಕ್ ರಿಯಾಕ್ಷನ್'. ಮಂಡಿಚಿಪ್ಪಿನ ಕೆಳಗೆ ವೈದ್ಯರು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ಸಂದೇಶ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ಹಿಂದಿರುಗುತ್ತದೆ. ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಅಂಕಪಟ್ಟಿ ನೋಡಿದವರೇ ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ತಂದೆಯದು ಇಂಥದೇ ಪ್ರತಿಕ್ರಿಯೆ. ಅಂಕ ಕಡಿಮೆಯಾಗಲು ಮೊಬೈಲೇ ಕಾರಣವೆಂದು ವಿಚಾರಿಸದೆ ತೀರ್ಮಾನಿಸಿದ್ದರೆ ಅದಕ್ಕೆ ಬೇರೆ ಹೆಸರು: 'ಜಂಪಿಂಗ್ ಟು ಕನ್‌ಕ್ಲೂಷನ್ಸ್'.

ಇದನ್ನು 'ಜಂಪಿಂಗ್ ದ ಗನ್' ಜೊತೆ ಬೆರೆಸುವವರು ಬಹಳ. ಎರಡರಲ್ಲೂ ಜಿಗಿತವಿದೆ, ಜಿಗಿತ ಬೇರೆ ಬೇರೆ. ಮೊದಲನೆಯದು ಪುರಾವೆ ಸಾಲದೆ ತೀರ್ಪು ಕೊಡುವುದು. ಎರಡನೆಯದು ಸಮಯಕ್ಕೆ ಮುಂಚೆ ಕಾರ್ಯಕ್ಕಿಳಿಯುವುದು, ಓಟದ ಪಂದ್ಯದಲ್ಲಿ ಗುಂಡಿನ ಸದ್ದಿಗೆ ಮೊದಲೇ ಓಡಿದಂತೆ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಅಂತಿಮ ಓಟದಿಂದ ಉಸೇನ್ ಬೋಲ್ಟ್ ಹೊರಬಿದ್ದದ್ದು ಹೀಗೆ ಮುಂಚೆ ಹೊರಟದ್ದಕ್ಕೆ.

ಎರಡೂ ಜಿಗಿತಗಳು ಒಂದೇ ಘಟನೆಯಲ್ಲಿ ಸಿಗುತ್ತವೆ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ರಸಾಯನ ವಿಜ್ಞಾನಿಗಳಾದ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಸೂರ್ಯನಲ್ಲಿ ಕೋಟ್ಯಂತರ ಡಿಗ್ರಿ ಶಾಖದಲ್ಲಿ ನಡೆಯುವಂಥ ಪರಮಾಣು ಬೀಜಗಳ ಸಮ್ಮಿಳನವನ್ನು ಮೇಜಿನ ಮೇಲೆಯೇ, ಭಾರಜಲ ಮತ್ತು ಪಲ್ಲಾಡಿಯಂ ವಿದ್ಯುದಗ್ರದಿಂದ ಸಾಧಿಸಿದ್ದಾಗಿ ಸಾರಿದರು. ಪ್ರಬಂಧ ಇನ್ನೂ ಅಚ್ಚಾಗಿರಲಿಲ್ಲ. ಗುಂಡು ಹಾರುವ ಮೊದಲೇ ಓಟ ಶುರುವಾಗಿತ್ತು. ಪಾತ್ರೆಯಲ್ಲಿ ಹೆಚ್ಚುವರಿ ಶಾಖ ಕಂಡಿತೆಂದು, ಅದು ಸಮ್ಮಿಳನದ್ದೇ ಎಂದದ್ದು ಇನ್ನೊಂದು ಜಿಗಿತ. ಸಮ್ಮಿಳನವಾದರೆ ಹೊಮ್ಮಬೇಕಾದಷ್ಟು ನ್ಯೂಟ್ರಾನ್‌ಗಳು ಕಂಡಿರಲಿಲ್ಲ. ಅನೇಕ ಪ್ರಯೋಗಾಲಯಗಳು ಅದೇ ಪ್ರಯೋಗ ಮಾಡಿ ಬರಿಗೈಯಲ್ಲಿ ಕುಳಿತವು. ಅದೇ ನವೆಂಬರಿನಲ್ಲಿ ಅಮೆರಿಕದ ಇಂಧನ ಇಲಾಖೆಯ ತಜ್ಞರ ಸಮಿತಿ, ಮನವೊಪ್ಪುವ ಪುರಾವೆ ಇಲ್ಲವೆಂದು ವರದಿ ಕೊಟ್ಟಿತು.

ಆ ಪ್ರಕಟಣೆಗೆ ಸರಿಯಾಗಿ ಒಪ್ಪುವ ವಿಶೇಷಣ 'ಪ್ರಿಮೆಚೂರ್', ಅಂದರೆ ಮಾಗುವ ಮುನ್ನವೇ ಆದದ್ದು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ನಮ್ಮ ಗಾದೆಯನ್ನು ಇಂಗ್ಲಿಷಿನ ಒಂದೇ ಪದದಲ್ಲಿ ಹೇಳಬೇಕಾದಾಗಲೂ ಹತ್ತಿರದ್ದು ಇದೇ.