ದಾರಿಗೆ ತಕ್ಕ ಟೈರು

ಕಾಲಿಗೆ ಕೆರ ಕೊಳ್ಳುವಾಗ ನಾವು ಎರಡು ಬಾರಿ ಮೆಟ್ಟಿ ನೋಡುತ್ತೇವೆ. ಕೆಸರು ಗದ್ದೆಗೆ ಇಳಿಯುವವನು ನುಣುಪಾದ ಅಟ್ಟೆಯ ಜೋಡನ್ನು ಬಯಸುವುದಿಲ್ಲ. ಕಚೇರಿಗೆ ಹೋಗುವವನು ಮೊಳೆ ಬಡಿದ ಎಕ್ಕಡವನ್ನು ಮೆಟ್ಟುವುದಿಲ್ಲ. ಇಷ್ಟು ವಿವೇಕ ನಮಗೆಲ್ಲರಿಗೂ ಉಂಟು. ಆದರೆ ಪ್ರಾಣವನ್ನೇ ಹೊತ್ತು ಓಡುವ ವಾಹನದ ಕೆರವಾದ ಟೈರನ್ನು ಕೊಳ್ಳುವಾಗ ಈ ವಿವೇಕ ಎಲ್ಲಿ ಅಡಗಿಕೊಳ್ಳುವುದೋ ತಿಳಿಯದು. ವಿದ್ಯಾರ್ಥಿಮಿತ್ರರೇ, ಪರರ ದೃಷ್ಟಾಂತವನ್ನು ಹುಡುಕಿಕೊಂಡು ಹೋಗುವ ಅಗತ್ಯ ನನಗಿಲ್ಲ. ನನ್ನದೇ ಅವಿವೇಕದ ಕಥೆಯನ್ನು ಮೊದಲು ಹೇಳಿ, ಅದರಿಂದ ನಾನು ಕಲಿತ ಪಾಠವನ್ನು ಅನಂತರ ನಿಮ್ಮ ಮುಂದಿಡುತ್ತೇನೆ.

ನಾನು ಬೀದರ ಜಿಲ್ಲೆಯ ಹಳ್ಳಿಯವನು. ಉದ್ಯೋಗ ನನ್ನನ್ನು ಹೈದರಾಬಾದಿಗೆ ಕರೆತಂದಿತು. ಬಾಡಿಗೆಯ ಅಗ್ಗ ನನ್ನನ್ನು ಜೀಡಿಮೆಟ್ಲಾದಲ್ಲಿ ನಿಲ್ಲಿಸಿತು. ಅಲ್ಲಿನ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ನನ್ನ ತಮ್ಮ ದಿನಗೂಲಿಯ ಕೆಲಸ ಮಾಡುತ್ತಾನೆ. ನಿತ್ಯ ಶಾಲೆಗೆ ಬರಲಿಕ್ಕೂ, ತಿಂಗಳಿಗೊಮ್ಮೆ ಊರಿಗೆ ಹೋಗಿ ತಾಯಿಯನ್ನು ನೋಡಿ ಬರಲಿಕ್ಕೂ ಅನುಕೂಲವಾಗಲೆಂದು, ಬೇರೊಬ್ಬರು ಬಳಸಿದ ಒಂದು ಹಿಮಾಲಯನ್ ಮೋಟಾರು ಸೈಕಲ್ಲನ್ನು ಕೊಂಡೆ. ರಾಯಲ್ ಎನ್‌ಫೀಲ್ಡ್ ಸಂಸ್ಥೆ 2016ರಲ್ಲಿ ಹೊರತಂದ ಈ ವಾಹನ ಅಡ್ವೆಂಚರ್ ಟೂರಿಂಗ್, ಎಂದರೆ ಸಾಹಸಪ್ರವಾಸದ ವರ್ಗಕ್ಕೆ ಸೇರಿದ್ದು. ಡಾಂಬರಿನ ಮೇಲೆ ದೂರ ಓಡುವ ಗುಣವನ್ನೂ, ಕಲ್ಲುಮಣ್ಣಿನ ದಾರಿಯನ್ನು ತುಳಿಯುವ ಗುಣವನ್ನೂ ಒಂದರಲ್ಲಿ ಕೂಡಿಸುವುದು ಈ ವರ್ಗದ ಉದ್ದೇಶ. ಅದಕ್ಕಾಗಿಯೇ ಅದರ ಮುಂದಿನ ಗಾಲಿ 21 ಅಂಗುಲದಷ್ಟು ದೊಡ್ಡದು. ಹಿಂದಿನದು 17 ಅಂಗುಲ.

2024ರ ಜೂನ್ ತಿಂಗಳಲ್ಲಿ ಅದರ ಟೈರುಗಳು ಸವೆದಿದ್ದವು. ಹೊಸದನ್ನು ಕೊಳ್ಳಲು ಅಂಗಡಿಗೆ ಹೋದೆ. ಗೋಡೆಯ ಮೇಲೆ ಲಡಾಖಿನ ಹಿಮಗಿರಿಗಳ ಚಿತ್ರ. ಚಿತ್ರದಲ್ಲಿ ನನ್ನದರಂತಹುದೇ ವಾಹನ. ಅದಕ್ಕೆ ಗಟ್ಟಿ ಗಟ್ಟಿಯಾಗಿ ಉಬ್ಬಿದ ರಬ್ಬರಿನ ತುಂಡುಗಳುಳ್ಳ ಟೈರು. ಬಟನ್ ಟೈರು ಎನ್ನುವರಲ್ಲ, ಅದು. ನಾನು ಲಡಾಖನ್ನು ಕಂಡವನಲ್ಲ. ಆದರೂ ಅದೇ ಬೇಕೆಂದೆ. ಅಂಗಡಿಯಾತ ಹೊಗಳಿದ, ಬೆಲೆಯಲ್ಲಿ ಸ್ವಲ್ಪ ಬಿಟ್ಟ, ಜೋಡಿಸಿಕೊಟ್ಟ. ಬೀದಿಯ ಹುಡುಗರು ತಿರುಗಿ ತಿರುಗಿ ನೋಡಿದರು. ನನಗೂ ಹಿಗ್ಗಾಯಿತು.

ಜುಲೈ ತಿಂಗಳ ಒಂದು ಸಂಜೆ. ಮಳೆ ಆಗತಾನೆ ನಿಂತಿತ್ತು. ಕೆಲಸ ಬಿಟ್ಟ ತಮ್ಮನನ್ನು ಹಿಂದೆ ಕೂರಿಸಿಕೊಂಡು ಶಾಪೂರನಗರದ ಕಡೆಗೆ ತಿರುಗುತ್ತಿದ್ದೆ. ಲಾರಿಗಳು ನಿತ್ಯ ಓಡಾಡುವ ರಸ್ತೆ. ಡಾಂಬರಿನ ಮೇಲೆ ಎಣ್ಣೆಯ ಪಸೆ, ಅದರ ಮೇಲೆ ನೀರು. ಮುಂದಿನ ಲಾರಿ ತಟ್ಟನೆ ನಿಂತಿತು. ನಾನು ಬ್ರೇಕು ಹಿಡಿದೆ. ವೇಗ ಹೆಚ್ಚಿರಲಿಲ್ಲ; ಆದರೂ ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೆ. ನೆಲಕ್ಕೆ ಕೈಯೂರಿದ ತಮ್ಮನ ಮಣಿಕಟ್ಟಿನ ಮೂಳೆ ಮುರಿಯಿತು. “ನನಗೇನೂ ಆಗಿಲ್ಲ, ಅಣ್ಣ” ಎಂದು ಎದ್ದು ನಿಂತವನ ಮುಖ ಬಿಳಿಚಿತ್ತು. ಆರು ವಾರ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಕುಳಿತ. ದಿನಗೂಲಿಯವನಿಗೆ ಆರು ವಾರವೆಂದರೆ ಏನೆಂಬುದನ್ನು ನಿಮ್ಮಲ್ಲಿ ಅನೇಕರಿಗೆ ನಾನು ವಿವರಿಸಬೇಕಾಗಿಲ್ಲ.

ಅಂದಿನ ರಾತ್ರಿ ದೀಪ ಹಿಡಿದು ಆ ಟೈರಿನ ಮುಂದೆ ಕುಳಿತೆ. ಅದರ ಪಕ್ಕದ ಗೋಡೆಯ ಮೇಲೆ ಒಂದು ಚಿಕ್ಕ ಚೌಕಟ್ಟಿನಲ್ಲಿ 1519 ಎಂಬ ನಾಲ್ಕು ಅಂಕಿಗಳಿದ್ದವು. ಮೊದಲೆರಡು ಅಂಕಿ ವಾರವನ್ನೂ, ಕಡೆಯೆರಡು ವರ್ಷವನ್ನೂ ಸೂಚಿಸುತ್ತವೆ. ಎಂದರೆ ಅದು 2019ರ 15ನೆಯ ವಾರದಲ್ಲಿ ತಯಾರಾದದ್ದು. ನಾನು ಹೊಸದೆಂದು ಕೊಳ್ಳುವಾಗಲೇ ಐದು ವರ್ಷ ಕಳೆದಿತ್ತು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ. ಗಾಳಿ, ಬೆಳಕು, ಬಿಸಿಲುಗಳಿಂದ ಗಡುಸಾಗುತ್ತದೆ. ಗಡುಸಾದ ರಬ್ಬರು ನೆಲವನ್ನು ಹಿಡಿಯಲಾರದು. ಅಂಗಡಿಯಾತ ಹೇಳಲಿಲ್ಲ, ನಿಜ. ಆದರೆ ಅದು ಅಲ್ಲಿಯೇ ಬರೆದಿತ್ತು. ಊರ ಮಕ್ಕಳಿಗೆ ಓದು ಕಲಿಸುವ ನಾನು ನನ್ನ ಟೈರನ್ನು ಓದದೆ ಬಿಟ್ಟಿದ್ದೆ.

ಹಾಗಾದರೆ ಟೈರಿನ ಕೆಲಸವೇನು? ಒಂದು ಸರಳ ಭಾಗಾಕಾರದಿಂದ ತಿಳಿಯೋಣ. ವಾಹನದ ತೂಕ ಸುಮಾರು 200 ಕಿಲೋಗ್ರಾಂ, ಸವಾರ 70, ಸಾಮಾನು 30; ಒಟ್ಟು 300. ಇದರಲ್ಲಿ ಹಿಂದಿನ ಗಾಲಿಯ ಮೇಲೆ 180, ಮುಂದಿನದರ ಮೇಲೆ 120 ಬೀಳುವುದೆಂದು ಎಣಿಸಿರಿ. ಹಿಂದಿನ ಟೈರಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ 2.25 ಕಿಲೋಗ್ರಾಂ ಒತ್ತಡದಲ್ಲಿದ್ದರೆ (ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 32), 180ನ್ನು 2.25ರಿಂದ ಭಾಗಿಸಿದಾಗ 80 ಚದರ ಸೆಂಟಿಮೀಟರು ದೊರೆಯುತ್ತದೆ. ಮುಂದಿನದರಲ್ಲಿ ಒತ್ತಡ 1.75 ಇದ್ದರೆ 120ಕ್ಕೆ ಸುಮಾರು 69. ಎರಡೂ ಕೂಡಿ 150ಕ್ಕೆ ಒಂದು ಕಡಿಮೆ. ನಮ್ಮ ಅಂಚೆ ಕಾರ್ಡಿನ ವಿಸ್ತೀರ್ಣ 14 ಗುಣಿಸು 9, ಎಂದರೆ 126. ಮುನ್ನೂರು ಕಿಲೋಗ್ರಾಂ ಭಾರದ ವಾಹನ ನೆಲವನ್ನು ಮುಟ್ಟಿರುವುದು ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದಾದ ಸ್ಥಳದಲ್ಲಿ ಮಾತ್ರ! ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ಕಾರ್ಡಿನ ಮೇಲೆಯೇ. ಈ ಲೆಕ್ಕ ಸ್ಥೂಲವಾದುದು. ಆದರೂ ತತ್ತ್ವವನ್ನು ತಿಳಿಯಲು ಇಷ್ಟು ಸಾಕು.

ಈಗ ಬಟನ್ ಟೈರಿನ ಮರ್ಮ ಹೊಳೆಯುವುದು. ಅದರ ಉಬ್ಬುಗಳ ನಡುವೆ ಅಗಲವಾದ ತೆರಪು ಇರುತ್ತದೆ. ಸಡಿಲ ಮಣ್ಣಿನಲ್ಲಿ ಉಬ್ಬುಗಳು ಗುದ್ದಲಿಯಂತೆ ನೆಲದೊಳಕ್ಕೆ ಇಳಿದು ಹಿಡಿಯುತ್ತವೆ. ತೆರಪುಗಳು ಮಣ್ಣನ್ನು ಹೊರಕ್ಕೆ ಎಸೆಯುತ್ತವೆ. ಅಲ್ಲಿ ಅದಕ್ಕೆ ಸಮನಾದುದಿಲ್ಲ. ಆದರೆ ಗಟ್ಟಿಯಾದ ಡಾಂಬರಿನೊಳಕ್ಕೆ ಯಾವ ಉಬ್ಬೂ ಇಳಿಯಲಾರದು. ಅಲ್ಲಿ ಉಬ್ಬುಗಳ ತುದಿ ಮಾತ್ರ ನೆಲಕ್ಕೆ ತಾಗಿ, ನಮ್ಮ ಅಂಚೆ ಕಾರ್ಡಿನ ಬಹುಭಾಗ ಖಾಲಿಯಾಗಿ ಉಳಿಯುತ್ತದೆ. ಮೇಲಾಗಿ ಎತ್ತರದ ಉಬ್ಬುಗಳು ತಿರುವಿನಲ್ಲಿ ಬಾಗುತ್ತವೆ, ಸದ್ದು ಮಾಡುತ್ತವೆ, ಬೇಗ ಸವೆಯುತ್ತವೆ. ಇದಕ್ಕೆ ವಿರುದ್ಧವಾಗಿ ರಸ್ತೆಯ ಟೈರಿನಲ್ಲಿ ರಬ್ಬರು ಹೆಚ್ಚು, ಗೀರುಗಳು ಕಿರಿದು. ಈ ಗೀರುಗಳು ಅಲಂಕಾರಕ್ಕಲ್ಲ. ಮಳೆಯ ನೀರನ್ನು ಪಕ್ಕಕ್ಕೆ ಸಾಗಿಸುವ ಕಾಲುವೆಗಳು. ಕಾಲುವೆ ಸವೆದುಹೋದರೆ ನೀರು ಹೊರಡಲು ದಾರಿ ಕಾಣದೆ ರಬ್ಬರಿನ ಕೆಳಗೇ ನಿಲ್ಲುತ್ತದೆ. ಗಾಲಿ ನೀರಿನ ಮೇಲೆ ತೇಲುತ್ತದೆ.

ಈ ಎರಡರ ನಡುವೆ ಅನೇಕ ಮೆಟ್ಟಿಲುಗಳುಂಟು. ತಯಾರಕರು ಅವನ್ನು 90/10, 80/20, 50/50 ಎಂಬ ಜೋಡಿ ಅಂಕಿಗಳಿಂದ ಗುರುತಿಸುವ ವಾಡಿಕೆ. ಮೊದಲ ಅಂಕಿ ನೂರರಲ್ಲಿ ಡಾಂಬರಿನ ಪಾಲು, ಎರಡನೆಯದು ಮಣ್ಣಿನ ಪಾಲು. ಆದುದರಿಂದ ಟೈರು ಆರಿಸುವವನು ಮೊದಲು ಕೇಳಬೇಕಾದ ಪ್ರಶ್ನೆ “ಯಾವ ಟೈರು ಚೆನ್ನಾಗಿದೆ?” ಎಂಬುದಲ್ಲ, “ನನ್ನ ದಾರಿ ಯಾವುದು?” ಎಂಬುದು.

ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬಾರದೆಂದು ನಾನು ಒಂದು ತಿಂಗಳು ದಿನಚರಿ ಇಟ್ಟೆ. ಮನೆಯಿಂದ ಶಾಲೆಗೆ ಹೋಗಿಬರಲು 36 ಕಿಲೋಮೀಟರು. 24 ದಿನಕ್ಕೆ 864. ಊರಿಗೊಮ್ಮೆ ಹೋಗಿಬರಲು 300. ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದುಗಳ ಮೇಲೆ ಸಾಗುವ ಹೆದ್ದಾರಿ. ಅಲ್ಲಿಂದ ಬೀದರಿನ ಕಡೆ ತಿರುಗಿದ ಮೇಲೂ ಡಾಂಬರೇ. ಕಡೆಯಲ್ಲಿ ನಮ್ಮ ಹಳ್ಳಿಯ ಮಣ್ಣು ದಾರಿ ನಾಲ್ಕು ಕಿಲೋಮೀಟರು, ಹೋಗಿಬರಲು ಎಂಟು. ಒಟ್ಟು 1164ರಲ್ಲಿ ಮಣ್ಣು 8. ನೂರಕ್ಕೆ ಒಂದು ಪಾಲೂ ಇಲ್ಲ! ಆ ಒಂದು ಪಾಲಿಗಾಗಿ ಉಳಿದ ತೊಂಬತ್ತೊಂಬತ್ತು ಪಾಲನ್ನು ನಾನು ಅಪಾಯಕ್ಕೆ ಒಡ್ಡಿದ್ದೆ. ನಿಜ ಹೇಳಬೇಕಾದರೆ ಆ ಒಂದು ಪಾಲಿಗೂ ಅಲ್ಲ; ಗೋಡೆಯ ಮೇಲಿನ ಒಂದು ಚಿತ್ರಕ್ಕಾಗಿ.

ಹಾಗೆಂದು ಆ ಎಂಟು ಕಿಲೋಮೀಟರನ್ನು ಅಲ್ಲಗಳೆಯುವಂತಿಲ್ಲ. ಎರೆಮಣ್ಣಿನ ದಾರಿ ಮಳೆಗಾಲದಲ್ಲಿ ಹೇಗಿರುವುದೆಂಬುದು ನಮ್ಮ ಸೀಮೆಯವರಿಗೆ ಗೊತ್ತು. ಆ ಅಂಟುಮಣ್ಣು ಕಿರಿದಾದ ಗೀರುಗಳಲ್ಲಿ ತುಂಬಿತೆಂದರೆ ಟೈರು ಬೋಳಾದಂತೆಯೇ. ಅಲ್ಲಿ ನಿಧಾನವಾಗಿ ಸಾಗಬಹುದು, ಇಳಿದು ತಳ್ಳಲೂಬಹುದು. ಬಿದ್ದರೂ ಕೆಸರಿನ ಮೇಲೆ ಬೀಳುವೆವು. ಲಾರಿಯ ಹಿಂದೆ ಡಾಂಬರಿನ ಮೇಲೆ ಜಾರಿದವನಿಗೆ ಆ ಸೌಕರ್ಯವಿಲ್ಲ. ಎರಡನ್ನೂ ತೂಗಿ ನಾನು 80/20ರ ವರ್ಗದ ಟೈರನ್ನು ಆರಿಸಿದೆ. ಸ್ಪಿತಿ ಕಣಿವೆಗೆ ಹೊರಟವನ ತಕ್ಕಡಿ ಬೇರೆ. ಅವನಿಗೆ 50/50 ತಕ್ಕದ್ದಾದೀತು.

ವರ್ಗವನ್ನು ಆರಿಸಿದ ಮೇಲೆ ಅಳತೆಯನ್ನು ಓದಬೇಕು. ನನ್ನ ಹಿಂದಿನ ಟೈರಿನ ಮೇಲೆ 120/90-17 64S ಎಂದಿರಬೇಕು. ಈ ಕಡೆಯ ಅಕ್ಷರವನ್ನು ‘ಎಸ್’ ಎಂದು ಓದಿಕೊಳ್ಳಿರಿ. 120 ಎಂಬುದು ಮಿಲಿಮೀಟರಿನಲ್ಲಿ ಅಗಲ. 90 ಎಂಬುದು ಆ ಅಗಲದ ನೂರಕ್ಕೆ ತೊಂಬತ್ತು ಪಾಲು ಎತ್ತರ, ಎಂದರೆ 108 ಮಿಲಿಮೀಟರು. 17 ಎಂಬುದು ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. 64 ಎಂಬುದು ಭಾರದ ಸಂಕೇತ. ಪಟ್ಟಿಯ ಪ್ರಕಾರ 280 ಕಿಲೋಗ್ರಾಂ. ‘ಎಸ್’ ಎಂಬುದು ವೇಗದ ಸಂಕೇತ. ಗಂಟೆಗೆ 180 ಕಿಲೋಮೀಟರಿನವರೆಗೆ ಟೈರು ತಾಳುವುದೆಂದರ್ಥ, ಅಷ್ಟು ಓಡಿಸಿರೆಂದಲ್ಲ! ಹಿಂದೆ ಲೆಕ್ಕ ಮಾಡಿದ 180 ಕಿಲೋಗ್ರಾಂ ಭಾರಕ್ಕೆ ಹಿಂದೆ ಕೂರುವ ತಮ್ಮನ 60ನ್ನು ಕೂಡಿಸಿದರೆ 240; ಮಿತಿಯ ಒಳಗೇ ಇದೆ. ಅಗಲವಾದ ಟೈರು ಗಂಭೀರವಾಗಿ ಕಾಣುವುದೆಂದು ಕೆಲವರು ಅಳತೆಯನ್ನು ಮೀರುತ್ತಾರೆ. ಕಿರಿದಾದ ರಿಮ್ಮಿನ ಮೇಲೆ ಅದರ ಆಕಾರವೇ ಕೆಡುತ್ತದೆ. ಚೈನಿಗೋ ಚೌಕಟ್ಟಿಗೋ ಉಜ್ಜುವ ಭಯವೂ ಉಂಟು. ವಾಹನದ ಕೈಪಿಡಿಯಲ್ಲಿ ಹೇಳಿದ ಅಳತೆಯನ್ನು ಬಿಡದಿರುವುದೇ ಕ್ಷೇಮ.

ಇನ್ನು ಟ್ಯೂಬಿನ ವಿಚಾರ. ನನ್ನ ವಾಹನದ ಗಾಲಿಗಳು ಸ್ಪೋಕ್ ಕಡ್ಡಿಗಳವು. ಕಡ್ಡಿಗಳು ರಿಮ್ಮನ್ನು ತೂತು ಮಾಡಿ ಕುಳಿತಿರುವುದರಿಂದ ಗಾಳಿ ನಿಲ್ಲಲು ಒಳಗೆ ಟ್ಯೂಬು ಬೇಕು. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಬೇಗ ಇಳಿಯುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿ ಸಾಮಾನ್ಯವಾಗಿ ನಿಧಾನ. ಆದುದರಿಂದ ಟೈರಿನೊಂದಿಗೆ ಟ್ಯೂಬನ್ನೂ ಬದಲಿಸುವುದು ಲೇಸು. ಅಲ್ಲಿ ಉಳಿಸುವ ಹಣ ನಡುದಾರಿಯಲ್ಲಿ ಬಡ್ಡಿ ಸಹಿತ ಹೋಗುವುದು. ಟೈರಿನ ಮೇಲಿನ ಬಾಣದ ಗುರುತು ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗೇ ಇದೆಯೇ ಎಂದು ಜೋಡಿಸುವಾಗ ನಿಂತು ನೋಡಬೇಕು. ಹೊಸ ಟೈರಿನ ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರು ಮೆಲ್ಲಗೆ ಸಾಗಬೇಕು. ವಾರಕ್ಕೊಮ್ಮೆ, ಓಡುವ ಮುಂಚೆ, ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಬೇಕು. ಗಾಳಿ ಕಡಿಮೆಯಾದ ಟೈರು ಅತಿಯಾಗಿ ಬಾಗಿ ಬಳುಕಿ ಕಾಯುತ್ತದೆ. ನಮ್ಮ ಮೇ ತಿಂಗಳ ರಸ್ತೆಯಲ್ಲಂತೂ ಹೇಳಬೇಕಾದುದೇ ಇಲ್ಲ.

ಈ ಕಪ್ಪು ಬಳೆಯ ಹಿಂದೆ ಎಷ್ಟು ಜನರ ಬುದ್ಧಿ ಅಡಗಿದೆ ನೋಡಿರಿ. ಬೇಸಿಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಸಾಗುತ್ತಿದ್ದ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಹದಗೊಳಿಸುವ ಕ್ರಮವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಗಾಳಿ ತುಂಬಿದ ಗಾಲಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದ. ಜಗತ್ತು ಅದನ್ನು ಮರೆಯಿತು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಅದನ್ನು ಮತ್ತೆ ಬಳಕೆಗೆ ತಂದದ್ದು ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಿರಲೆಂದು. ಇಂದು ಊರಿಗೆ ಹೋಗುವ ನಮ್ಮ ದಾರಿಯಲ್ಲೇ, ಸದಾಶಿವಪೇಟೆಯ ಬಳಿ, ಎಂ.ಆರ್.ಎಫ್. ಸಂಸ್ಥೆಯ ಟೈರಿನ ಕಾರ್ಖಾನೆ ಇದೆ.

ಮಿತ್ರರೇ, ಗೇರಿನ ಮೋಟಾರು ಸೈಕಲ್ಲು ನಡೆಸಲು ಹದಿನೆಂಟು ತುಂಬಿರಬೇಕು. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿರಿ. ಆದರೆ ಟೈರನ್ನು ಓದಲು ವಯಸ್ಸಿನ ಕಟ್ಟಿಲ್ಲ. ಇಂದು ಸಂಜೆ ಮನೆಗೆ ಹೋದೊಡನೆ ತಂದೆಯದೋ ಅಣ್ಣನದೋ ವಾಹನದ ಬಳಿ ಕುಳಿತುಕೊಳ್ಳಿರಿ. ನಾಲ್ಕು ಅಂಕಿಯ ಹುಟ್ಟಿದ ವಾರವನ್ನು ಹುಡುಕಿರಿ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸುತ್ತಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಟೈರಿನ ಆಯುಸ್ಸು ಮುಗಿಯಿತು. ಪಕ್ಕದ ಗೋಡೆಯಲ್ಲಿ ಬಿರುಕಿದ್ದರೂ ಹಾಗೆಯೇ. ಕಂಡದ್ದನ್ನು ಮನೆಯವರಿಗೆ ಹೇಳಿರಿ.

ನನ್ನ ತಮ್ಮನ ಕೈ ಈಗ ಕೂಡಿಕೊಂಡಿದೆ. ಮಳೆಗಾಲದಲ್ಲಿ ಮಾತ್ರ ಮಣಿಕಟ್ಟು ನೋಯುವುದೆನ್ನುತ್ತಾನೆ. ಅವನು ಈಗಲೂ ನನ್ನ ಹಿಂದೆಯೇ ಕೂರುತ್ತಾನೆ. ಕೂರುವ ಮುನ್ನ ಒಮ್ಮೆ ಬಾಗಿ ಟೈರನ್ನು ನೋಡುತ್ತಾನೆ. ನಾನು ಏನೂ ಮಾತಾಡದೆ ಕಾಯುತ್ತೇನೆ.