ಸಹಿ ಹಾಕಿದ್ದು ವಾರ್ಡನ್

ಮಗಳಿಗೆ ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಾಣುವನ್ನು ತಡೆಯುವ ಲಸಿಕೆ ಹಾಕಿಸಿ ಎಂದರೆ ಅಪ್ಪ–ಅಮ್ಮ ಹಿಂದೇಟು ಹಾಕುತ್ತಾರೆ. ಅದನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ದೇಶದಲ್ಲಿ ಈ ಅಂಜಿಕೆಯ ಬೇರು ಹುಡುಕುತ್ತ ಹೋದರೆ ಖಮ್ಮಂ ಸಿಗುತ್ತದೆ.

2009ರಲ್ಲಿ, ಆಗಿನ್ನೂ ಆಂಧ್ರಪ್ರದೇಶದಲ್ಲಿದ್ದ ಆ ಜಿಲ್ಲೆಯಲ್ಲಿ ‘ಪಾತ್’ ಎಂಬ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರ ಸೇರಿ 10ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಕೊಡಲು ಶುರುಮಾಡಿದವು. ಆಮೇಲೆ ಗುಜರಾತಿನ ವಡೋದರಾದಲ್ಲೂ ಕೊಟ್ಟರು. ಖಮ್ಮಂನಲ್ಲಿ ಲಸಿಕೆ ಪಡೆದವರಲ್ಲಿ ಹಾಸ್ಟೆಲ್‌ನಲ್ಲಿದ್ದ ಬುಡಕಟ್ಟು ಮಕ್ಕಳು ಅನೇಕರು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡ ಸುದ್ದಿ ಬಂತು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ತೀರಿಕೊಂಡವರಲ್ಲಿ ಒಬ್ಬಳು ನೀರಿಗೆ ಬಿದ್ದಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಕೀಟನಾಶಕ ಕುಡಿದವರೂ ಇದ್ದರು. ಲಸಿಕೆಯಿಂದ ಈ ಸಾವುಗಳಾಗಿರುವ ಸಾಧ್ಯತೆ ತೀರಾ ಕಡಿಮೆ ಎಂದಿತು ತನಿಖೆ. ಅಷ್ಟರಲ್ಲಿ ಭಯ ಊರೂರು ಸುತ್ತಿಯಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಇದರ ಬಗ್ಗೆ 2013ರಲ್ಲಿ ಬಂದ ಸಂಸದೀಯ ಸ್ಥಾಯಿ ಸಮಿತಿ ವರದಿಯ ಒಂದು ಲೆಕ್ಕ. ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು, 1,948ರಲ್ಲಿ ಬರೀ ಹೆಬ್ಬೆಟ್ಟಿನ ಗುರುತು. ಹೆತ್ತವರನ್ನು ಕೇಳದೆಯೇ ಚುಚ್ಚಿದ ಸೂಜಿಯನ್ನು ಅವರು ನಂಬಬೇಕಿತ್ತೇ?

ಅದೇ ಹೊತ್ತಿಗೆ ದೇಶದ ಬೇರೆಡೆ ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡುವ ಅಧ್ಯಯನವೂ ನಡೆದಿತ್ತು. ನಿಲುಗಡೆಯ ಆದೇಶ ಅದಕ್ಕೂ ತಟ್ಟಿ, ಸುಮಾರು ಐದು ಸಾವಿರ ಹುಡುಗಿಯರು ಒಂದೇ ಡೋಸ್‌ಗೆ ನಿಂತರು. ಸಂಶೋಧಕರು ಅವರ ಬೆನ್ನು ಬಿಡಲಿಲ್ಲ. ಹತ್ತು ವರ್ಷದ ಆಸುಪಾಸಿನಲ್ಲಿ ನೋಡಿದರೆ, 16 ಮತ್ತು 18ನೇ ಬಗೆಯ ವೈರಾಣುವಿನ ಬಿಡದ ಸೋಂಕಿಗೆ ಒಂದು ಡೋಸ್ ಕೊಟ್ಟ ರಕ್ಷಣೆ ಶೇ 95ರಷ್ಟಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸ್‌ಗೂ ಒಪ್ಪಿಗೆ ಕೊಟ್ಟಾಗ ಅದರ ಮುಂದಿದ್ದ ಪುರಾವೆಗಳಲ್ಲಿ ಇದೂ ಒಂದು. ಅದೇ ವರ್ಷ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ‘ಸರ್ವಾವ್ಯಾಕ್’ ಎಂಬ ಎಚ್‌ಪಿವಿ ಲಸಿಕೆಗೂ ಪರವಾನಗಿ ಸಿಕ್ಕಿತು.

ಗರ್ಭಕೊರಳಿನ ಕ್ಯಾನ್ಸರ್‌ಗೆ ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 80 ಸಾವಿರ ಹೆಂಗಸರು ಬಲಿಯಾಗುತ್ತಾರೆ. ‘ಇಷ್ಟು ಚಿಕ್ಕವಳಿಗೆ ಈಗಲೇ ಯಾಕೆ?’ ಎನ್ನುವ ತಾಯಿಗೆ ಉತ್ತರ ನೇರವಾಗಿಯೇ ಇದೆ: ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಾಣು, ಲಸಿಕೆ ಅದನ್ನು ತಡೆಯುತ್ತದೆಯೇ ಹೊರತು ತಗುಲಿದ್ದನ್ನು ವಾಸಿ ಮಾಡದು; ಅದಕ್ಕೇ ತಗುಲುವ ಮೊದಲೇ ಹಾಕಿಸಬೇಕು. (ಮಾತು ಇಲ್ಲಿಗೆ ಬಂದರೆ ಅಪ್ಪಂದಿರು ಮೊಬೈಲ್ ನೋಡತೊಡಗುತ್ತಾರೆ.) ಸಿಕ್ಕಿಂನಲ್ಲಿ 2018ರಲ್ಲಿ ಮೊದಲು ಪೋಷಕರಿಗೂ ಶಿಕ್ಷಕರಿಗೂ ಇದನ್ನೆಲ್ಲ ವಿವರಿಸಿ, ಆಮೇಲೆ ಶಾಲೆಗಳಲ್ಲಿ ಲಸಿಕೆ ಹಾಕಿದರು. 9ರಿಂದ 14 ವರ್ಷದ ಹುಡುಗಿಯರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು.