ಮಂಡಿನೋವಿಗೆ ಫೋನಿನಲ್ಲೇ ವ್ಯಾಯಾಮ ಚಿಕಿತ್ಸೆ

ಭತ್ತದ ನಾಟಿ, ರಾಗಿ ಹೊಲದ ಕಳೆ, ಕಡಲೆಕಾಯಿ ಬಿಡಿಸುವುದು, ಮನೆಯಲ್ಲಿ ಸೌದೆ ಒಲೆ. ನಮ್ಮ ಹಳ್ಳಿಯ ಹೆಚ್ಚಿನ ಕೆಲಸವೆಲ್ಲ ಬಗ್ಗಿ, ಇಲ್ಲವೇ ಕುಕ್ಕರುಗಾಲಿನಲ್ಲಿ ಕುಳಿತು ಮಾಡುವಂಥದು. ಐವತ್ತು ದಾಟಿದ ಮೇಲೆ ಏಳುವಾಗ ಗೋಡೆ ಹಿಡಿಯುವುದು, ಬೆಳಿಗ್ಗೆ ಕಾಲು ಬಿಗಿದುಕೊಳ್ಳುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವೈದ್ಯರು ಇದನ್ನು ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಕೀಲು ಸವೆತ ಎನ್ನುತ್ತಾರೆ. ಕೃಷಿ ಪುಟದಲ್ಲಿ ಮಂಡಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಪಂಪ್‌ಸೆಟ್ಟಿನ ಬೇರಿಂಗ್ ಹೋದರೆ ಅಂದೇ ಪೇಟೆಗೆ ಓಡುವ ನಾವು, ಮನೆಯಾಕೆಯ ಮಂಡಿ ಹತ್ತು ವರ್ಷ ನೋಯುತ್ತಿದ್ದರೂ ‘ವಯಸ್ಸಾಯಿತು’ ಎಂದು ಸುಮ್ಮನಿರುತ್ತೇವೆ.

ಸವೆದ ಮಂಡಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಬಲವಾಗಿದೆ. ಗಾಡಿಯ ಅಚ್ಚು ತಿರುಗಿದಷ್ಟೂ ಸವೆಯುತ್ತದೆ, ನಿಜ. ಜೀವವಿರುವ ಕೀಲು ಹಾಗಲ್ಲ. ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲು ಮಡಿಸಿ ಚಾಚಿದಾಗ ಒಳಹೊರಗೆ ಹರಿದಾಡುವ ಕೀಲಿನ ದ್ರವವೇ ಅದಕ್ಕೆ ಆಹಾರ, ಅದೇ ಕೀಲೆಣ್ಣೆ. ಆಡಿಸದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಸ್ನಾಯು ಹೊರಬೇಕಾದ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಈ ಕಾಯಿಲೆಯವರೆಲ್ಲರಿಗೂ ಅವರವರಿಗೆ ಹೊಂದುವ ವ್ಯಾಯಾಮವನ್ನು ಮುಖ್ಯ ಚಿಕಿತ್ಸೆಯಾಗಿ ಹೇಳಿದೆ.

ಆದರೆ ಕಲಿಸುವವರು ಯಾರು? ಫಿಸಿಯೋಥೆರಪಿಸ್ಟರು ಇರುವುದು ಪೇಟೆಯಲ್ಲಿ. ಮಂಡಿ ನೋಯುವವರು ಬಸ್ಸು ಹತ್ತಿ ಇಳಿದು ಹೋಗಿಬರುವುದರೊಳಗೆ ನೋವು ಇಮ್ಮಡಿಯಾಗಿರುತ್ತದೆ, ಜೊತೆಗೆ ಹೋದವರ ಒಂದು ದಿನದ ಕೂಲಿಯೂ ಹೋಗಿರುತ್ತದೆ. ದೂರದೂರ ಹಳ್ಳಿಗಳಿರುವ ಆಸ್ಟ್ರೇಲಿಯಾದಲ್ಲೂ ಇದೇ ತೊಡಕು. ಅಲ್ಲಿನ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಬಹುಕಾಲದ ಮಂಡಿನೋವಿನ 394 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಫಿಸಿಯೋಥೆರಪಿಸ್ಟರನ್ನು ಎದುರಿನಲ್ಲೇ ಕಂಡಿತು, ಇನ್ನೊಂದು ವಿಡಿಯೋ ಕರೆಯಲ್ಲಿ ಕಂಡಿತು. ಇಬ್ಬರಿಗೂ 3 ತಿಂಗಳಲ್ಲಿ 5 ಭೇಟಿ. ನೋವಿನಲ್ಲಾಗಲಿ ಓಡಾಟದಲ್ಲಾಗಲಿ ವಿಡಿಯೋ ಗುಂಪು ಹಿಂದೆ ಬೀಳಲಿಲ್ಲ. ಈ ಫಲಿತಾಂಶ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೀ ಮಾತಿನ ಫೋನು ಸಾಕೇ? ಅದೇ ವಿಶ್ವವಿದ್ಯಾಲಯದ ಇನ್ನೊಂದು ಪ್ರಯೋಗದಲ್ಲಿ, 175 ಜನರ ಪೈಕಿ ಫೋನಿನಲ್ಲಿ ವ್ಯಾಯಾಮ ಹೇಳಿಸಿಕೊಂಡವರ ಓಡಾಟ 6 ತಿಂಗಳಲ್ಲಿ ಸುಧಾರಿಸಿತು, ನೋವಿನಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಕಾಣಲಿಲ್ಲ. ನೆಟ್‌ವರ್ಕ್ ಸಿಗದ ಊರಿನವರು ಇದನ್ನು ತಿಳಿದಿರುವುದು ಒಳ್ಳೆಯದು.

ನಮ್ಮಲ್ಲಿ ಹೇಗೆ ಮಾಡಬಹುದು? ಮೊದಲ ಸಲ ವೈದ್ಯರಿಗೆ ಮಂಡಿಯನ್ನು ಮುಟ್ಟಿ ನೋಡಲು ಕೊಡಲೇಬೇಕು. ಜಿಲ್ಲಾ ಆಸ್ಪತ್ರೆಗೆ ಹೋದ ದಿನವೇ ಫಿಸಿಯೋಥೆರಪಿ ವಿಭಾಗದಲ್ಲಿ, ‘ಮುಂದಿನ ಸಲ ವಿಡಿಯೋದಲ್ಲಿ ನೋಡುವಿರಾ?’ ಎಂದು ಕೇಳಿಕೊಂಡು ಬರಬೇಕು. ವೈದ್ಯರ ಸಲಹೆಗೆ ಕೇಂದ್ರ ಸರ್ಕಾರದ ಇ-ಸಂಜೀವಿನಿ ಸೇವೆ ಇದೆ.

ನಮ್ಮ ತರಬೇತಿಗೆ ಬರುತ್ತಿದ್ದ ಅರವತ್ತರ ಹತ್ತಿರದ ಒಬ್ಬ ಅಮ್ಮ, ಮಗ ಗೊತ್ತುಮಾಡಿಕೊಟ್ಟ ಫಿಸಿಯೋಥೆರಪಿಸ್ಟರಿಂದ ಹೀಗೇ ಕಲಿತರು. ಮೊದಲ ದಿನ ಸೀರೆಯ ನೆರಿಗೆಯಲ್ಲಿ ಮಂಡಿಯೇ ಕಾಣಿಸಲಿಲ್ಲ. ಮುಂದಿನ ಸಲ ಸೊಸೆಯ ಚೂಡಿದಾರದ ಪ್ಯಾಂಟು ಹಾಕಿಕೊಂಡು, ಬಾಗಿಲು ಮುಚ್ಚಿ ಕುಳಿತರು. ಮೊಮ್ಮಗಳು ಫೋನನ್ನು ಸೊಂಟದೆತ್ತರದಲ್ಲಿ, ಏಳೆಂಟು ಅಡಿ ದೂರದಲ್ಲಿ, ಕಾಲು ಪಕ್ಕದಿಂದ ಕಾಣುವಂತೆ ಇಟ್ಟಳು. ಬೆಳಕು ಹಿಂದಿನಿಂದ ಬಂದರೆ ಎಲ್ಲವೂ ಕಪ್ಪಾಗಿ ಕಾಣುತ್ತದೆ ಎಂಬುದನ್ನೂ ಅವಳೇ ಕಂಡುಕೊಂಡಳು. ಮೂರು ತಿಂಗಳಲ್ಲಿ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಮತ್ತೊಬ್ಬರ ಕೈಗೆ ಕೊಟ್ಟಿದ್ದ ಡೈರಿಯ ಹಾಲಿನ ಕ್ಯಾನನ್ನು ತಾವೇ ಒಯ್ಯತೊಡಗಿದ್ದರು.

ಅವರಿಗೆ ಕೊಟ್ಟಿದ್ದ ವ್ಯಾಯಾಮಗಳು ಸರಳ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು 5 ಎಣಿಸಿ ಇಳಿಸುವುದು. ಒಂದೊಂದು ಕಾಲಿಗೆ 10 ಸಲ. ಅದೇ ಕುರ್ಚಿಯಿಂದ ನಿಧಾನವಾಗಿ ಎದ್ದು ಕೂರುವುದು. ಮೊದಲಿಗೆ 5 ಸಲ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತುವುದು. ವಾರಕ್ಕೆ 3 ದಿನ. ಸುಲಭವಾದ ಮೇಲೆ ಕಣಕಾಲಿಗೆ ಅರ್ಧ ಕೆ.ಜಿ. ಮರಳಿನ ಗಂಟು ಕಟ್ಟಿಸಿದರು. ಗೊಬ್ಬರದಂತೆ ಇದನ್ನೂ ಹಂತ ಹಂತವಾಗಿ ಕೊಡಬೇಕು, ಒಂದೇ ದಿನ ಸುರಿಯಬಾರದು. ಶುರುವಿನಲ್ಲಿ ನೋವು ತುಸು ಹೆಚ್ಚಬಹುದು. ಮರುದಿನ ಬೆಳಿಗ್ಗೆಗೆ ಎಂದಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು, ಇಳಿಯದಿದ್ದರೆ ಎಣಿಕೆ ಕಡಿಮೆ ಮಾಡಬೇಕು. ಹೆಚ್ಚಿನವರು ಈ ಮೊದಲ ವಾರಗಳಲ್ಲೇ ಕೈಬಿಡುತ್ತಾರೆ. ಆಗ ಫೋನಿನಲ್ಲಿ ಕೇಳಲು ಒಬ್ಬರಿದ್ದರೆ ಉಳಿದುಕೊಳ್ಳುತ್ತಾರೆ.

ತೂಕ ಹೆಚ್ಚಿದ್ದವರು ಒಂದು ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವುಂಟು. ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಬೇಕು. ಅದು ಫೋನಿನಲ್ಲಿ ತೀರುವ ಮಾತಲ್ಲ.

ಇನ್ನು ಹೊಲದ ಕೆಲಸ. ಸಾಲಿನಲ್ಲಿ ಬಿತ್ತಿದ ಪೈರಿಗೆ ನಿಂತೇ ತಳ್ಳುವ ಸೈಕಲ್ ವೀಡರ್, ಸಾಲು ನಾಟಿಯ ಭತ್ತಕ್ಕೆ ಕೋನೋವೀಡರ್ ಬಳಸಿದರೆ ಕುಕ್ಕರಿಸುವುದು ತಪ್ಪುತ್ತದೆ. ಕಡಲೆಕಾಯಿ ಬಿಡಿಸುವವರಿಗೆ, ಹಾಲು ಕರೆಯುವವರಿಗೆ ನೆಲದಿಂದ ಒಂದಡಿ ಎತ್ತರದ ಸ್ಟೂಲು ಸಾಕು. ಊರಿನ ಬಡಗಿಯೇ ಮಾಡಿಕೊಡುತ್ತಾನೆ.